ಎರಡನೇ ಶಿಫ್ಟಿನ ಕೆಂಪು ಕಂಬ

"ಅಂಕಿಗೆ ಅಪ್ಪ ಅಮ್ಮ ಇರಲ್ಲಮ್ಮ."

ಹರಿಹರದ ನಮ್ಮ ಕಾರ್ಖಾನೆಯ ಒಂಬತ್ತು ಗಂಟೆಯ ಮೀಟಿಂಗಿನಲ್ಲಿ, ಎಂಟು ಜನರ ಎದುರು, ಪ್ರೊಡಕ್ಷನ್ ಮ್ಯಾನೇಜರ್ ನನಗೆ ಹೇಳಿದ ಮಾತು ಇದು. ಹೇಳಿ ಒಂದು ಗುಟುಕು ಟೀ ಕುಡಿದರು. ಆ ಗುಟುಕಿನ ಸದ್ದೂ ನನಗೆ ನೆನಪಿದೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. ಎರಡನೇ ಶಿಫ್ಟಿನ ಇನ್‌ಸ್ಪೆಕ್ಷನ್ ಮೇಜಿನಲ್ಲಿ ರಿಜೆಕ್ಷನ್ ಜಾಸ್ತಿ ಇದೆ ಎಂದ ಮಾತ್ರಕ್ಕೆ, ಆ ಮೇಜಿನಲ್ಲಿ ಕೂತವರ ಕಣ್ಣು ಹೋಗಿದೆ ಎಂದು ಹೇಗೆ ತೀರ್ಮಾನಿಸುತ್ತೀರಿ? ಆ ಮೇಜಿನಲ್ಲಿ ಕೂತವರು ನಮ್ಮಪ್ಪ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಮ್ಯಾನೇಜರ್ ನನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ನನ್ನ ಹುಟ್ಟಿಗೆ ಉತ್ತರ ಕೊಟ್ಟರು. ದಾವಣಗೆರೆಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ನಿಂತವಳು ನಾನು. ಪರ ಕೊಟ್ಟರೂ ವಾದಿಸುತ್ತಿದ್ದೆ, ವಿರೋಧ ಕೊಟ್ಟರೂ ವಾದಿಸುತ್ತಿದ್ದೆ. ಆ ಕಾರಣಕ್ಕೇ ಯಾವ ಮಾತನ್ನೂ ಸುಲಭಕ್ಕೆ ನಂಬದ ಚಾಳಿ ಅಂಟಿದೆ. ವಾದ ಬಿಟ್ಟು ವಾದಿಯನ್ನು ಹೊಡೆಯುವವರನ್ನು ನಾನು ಅಲ್ಲಿ ಬೇಕಾದಷ್ಟು ನೋಡಿದ್ದೆ. ಅಲ್ಲಿ ಗಂಟೆ ಬಾರಿಸಿ ಕೂರಿಸುತ್ತಿದ್ದರು. ಇಲ್ಲಿ ಗಂಟೆಯೂ ಅವರ ಕೈಯಲ್ಲೇ ಇತ್ತು.

ನಮ್ಮದು ಪಂಪಿನ ಬಾಡಿ ಮಾಡುವ ಕಾರ್ಖಾನೆ. ಎರಕ ಹೊಯ್ದ ಕಬ್ಬಿಣ ಹೊರಗಿನಿಂದ ಬರುತ್ತದೆ. ಅದನ್ನು ಲೇತಿಗೆ ಕಟ್ಟಿ, ಒಳಗಿನ ತೂತನ್ನು ಅಳತೆಗೆ ಕೊರೆದು ಕಳಿಸುವುದು ನಮ್ಮ ಕೆಲಸ. ಅಳತೆಗೆ ಬಂದಿದೆಯೋ ಇಲ್ಲವೋ ನೋಡುವವರು ಇನ್‌ಸ್ಪೆಕ್ಟರ್. ಅವರ ಕೈಯಲ್ಲಿ ಗೇಜ್ ಎಂಬ ಉಕ್ಕಿನ ಗೂಟ. ಅದರ ಒಂದು ತುದಿ ತೂತಿನಲ್ಲಿ ಇಳಿಯಬೇಕು, ಇನ್ನೊಂದು ತುದಿ ಇಳಿಯಬಾರದು. ಅಷ್ಟೇ ಅವರ ಧರ್ಮಶಾಸ್ತ್ರ. ಅಪ್ಪ ಇಪ್ಪತ್ತಾರು ವರ್ಷ ಆ ಗೂಟ ಹಿಡಿದವರು. ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ, "ಅವರ ಕಣ್ಣು ಮಂಜಾಗೈತೆ, ಒಳ್ಳೆ ಮಾಲನ್ನೂ ತಳ್ತಾರೆ" ಎಂದು ಮ್ಯಾನೇಜರ್ ಮಾಲೀಕರ ಕಿವಿಗೆ ಹಾಕಿದರು. ಅಪ್ಪನನ್ನು ಯಾರ್ಡಿಗೆ ಹಾಕುವ ಯೋಚನೆ ನಡೆದಿತ್ತು: ಲಾರಿಗೆ ಹತ್ತುವ ಪೆಟ್ಟಿಗೆಗಳನ್ನು ಎಣಿಸುವ ಕೆಲಸ. ಸಂಬಳ ಅದೇ. ಆದರೆ ಗೇಜನ್ನು ಸ್ಟೋರ್ಸಿಗೆ ಒಪ್ಪಿಸಿ ಹೋಗಬೇಕು. ಕಣ್ಣು ಹೋಯಿತು ಎನ್ನಿಸಿಕೊಂಡ ಇನ್‌ಸ್ಪೆಕ್ಟರ್ ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?

ನನ್ನ ಕೆಲಸ ರಿಪೋರ್ಟ್ ಮಾಡುವುದು. ನಾಲ್ಕು ಕಡೆಯಿಂದ ರಿಜಿಸ್ಟರುಗಳು ಬರುತ್ತಿದ್ದವು. ಒಂದರಲ್ಲಿ ಟೀ ಕಲೆ, ಇನ್ನೊಂದರಲ್ಲಿ ಗ್ರೀಸಿನ ಹೆಬ್ಬೆಟ್ಟು. ಅವನ್ನೆಲ್ಲ ಎಕ್ಸೆಲ್‌ಗೆ ಇಳಿಸಿ, ಮ್ಯಾನೇಜರ್ ಹಾಕಿಕೊಟ್ಟ ನಮೂನೆಯಲ್ಲಿ ಕೂಡಿಸಿ ಮುಂದಿಟ್ಟರೆ, ಅವರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. "ಇದು ಹಿಂಗೆ ಬ್ಯಾಡ, ಇಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡಮ್ಮ." ಅಡ್ಜಸ್ಟ್ ಆದ ಮೇಲೆ ಅದಕ್ಕೆ ಸತ್ಯ ಎಂದು ಹೆಸರು.

ಅಂಥ ಹೊತ್ತಿನಲ್ಲಿ ಮಾಲೀಕರು ಯಾವುದೋ ಸಭೆಯಲ್ಲಿ ಕೇಳಿಕೊಂಡು ಬಂದು ಬಿಐ ಸಾಫ್ಟ್‌ವೇರ್ ತರಿಸಿದರು. ಬಿಸಿನೆಸ್ ಇಂಟೆಲಿಜೆನ್ಸ್ ಎಂದು ಅದರ ಪೂರ್ತಿ ಹೆಸರು. "ವ್ಯಾಪಾರದ ಬುದ್ಧಿ ನಮ್ ಮಾಲೀಕರಿಗೆ ಮೊದ್ಲೇ ಐತಲ್ಲ, ಮತ್ಯಾಕ ತಂದ್ರು?" ಎಂದು ಸ್ಟೋರ್ಸಿನವರು ನಕ್ಕರು. ನಾನು ನಗಲಿಲ್ಲ. ಬೇರೆ ಬೇರೆ ಕಡೆ ಬಿದ್ದಿರುವ ಲೆಕ್ಕಗಳನ್ನು ಅದು ತಾನೇ ಹೋಗಿ ಎತ್ತಿಕೊಂಡು ಬರುತ್ತದೆ, ಒಂದೇ ಪರದೆಯ ಮೇಲೆ ಕಂಬ ಕಂಬವಾಗಿ ನಿಲ್ಲಿಸುತ್ತದೆ, ಮಿತಿ ದಾಟಿದ ಕಂಬಕ್ಕೆ ತಾನೇ ಕೆಂಪು ಬಳಿಯುತ್ತದೆ. ಅಂದರೆ ರಿಜಿಸ್ಟರಿಗೂ ಮಾಲೀಕರ ಕಣ್ಣಿಗೂ ನಡುವೆ ಮ್ಯಾನೇಜರ್ ಪೆನ್ನಿಗೆ ಜಾಗವಿಲ್ಲ. ನನಗೆ ಬೇಕಾಗಿದ್ದೂ ಅಷ್ಟೇ. ತರಬೇತಿಗೆ ಹೆಸರು ಕೊಟ್ಟವಳು ನಾನೊಬ್ಬಳೇ. ಜನ ಅದನ್ನು ಉತ್ಸಾಹ ಎಂದುಕೊಂಡರು. ನಾನು ಕತ್ತಿ ಮಸೆಯುತ್ತಿದ್ದೆ.

ಎರಡು ವಾರದಲ್ಲಿ ಡ್ಯಾಶ್‌ಬೋರ್ಡ್ ತಯಾರಾಯಿತು. ಮೀಟಿಂಗ್ ರೂಮಿನ ಗೋಡೆಗೆ ದೊಡ್ಡ ಟಿವಿ ಬಂತು. ಆ ಸೋಮವಾರ ಹೊಸ ಚೂಡಿದಾರ್ ಹಾಕಿಕೊಂಡು ಹೋಗಿದ್ದೆ, ಮುಚ್ಚಿಡುವುದೇನು. ಮಾಲೀಕರು ಬಂದು ಕೂತರು. ನಾನು ಬಟನ್ ಒತ್ತಿದೆ.

ಮೊದಲ ಶಿಫ್ಟಿನ ಮೇಜು: ಮೊಣಕಾಲೆತ್ತರದ ಹಸಿರು ಕಂಬ. ಎರಡನೇ ಶಿಫ್ಟಿನ ಮೇಜು: ಪರದೆಯ ತುದಿ ಮುಟ್ಟಿದ ಕೆಂಪು ಕಂಬ. ಮ್ಯಾನೇಜರ್ ಪ್ರಿಂಟಿನಲ್ಲಿ ಇದ್ದುದಕ್ಕಿಂತ ಎತ್ತರ. ಅವರು ತಿದ್ದುವಾಗ ಒಂದಿಷ್ಟು ಇಳಿಸಿಯೇ ತೋರಿಸುತ್ತಿದ್ದರು ಎಂದಾಯಿತು. ನನ್ನ ಯಂತ್ರ ಆ ಕರುಣೆಯನ್ನೂ ತೆಗೆದುಹಾಕಿತ್ತು.

ಆಮೇಲೆ ಮ್ಯಾನೇಜರ್ ಖುರ್ಚಿಯನ್ನು ನಿಧಾನಕ್ಕೆ ನನ್ನ ಕಡೆ ತಿರುಗಿಸಿದರು.

"ನಾನು ಹೇಳಿದ್ರೆ ದ್ವೇಷ ಅಂತಿದ್ರಿ. ಈಗ ಸ್ವಂತ ಮಗಳೇ ಬಣ್ಣ ಹಚ್ಚಿ ತೋರಿಸ್ಯಾರೆ. ಇನ್ನೇನು ಸಾಕ್ಷಿ ಬೇಕ್ರಿ ಸರ್?"

ಮಾಲೀಕರು ಟಿವಿ ನೋಡಿದರು, ನನ್ನನ್ನು ನೋಡಿದರು. "ಒಂದನೇ ತಾರೀಖಿಂದ ಅವರು ಯಾರ್ಡಿಗೆ ಹೋಗ್ಲಿ ಬಿಡ್ರಿ. ಪಾಪ, ವಯಸ್ಸಾಯ್ತು."

ಆ 'ಪಾಪ' ಇದೆಯಲ್ಲ, ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಒಂದನೇ ತಾರೀಖಿಗೆ ಹತ್ತೊಂಬತ್ತು ದಿನ ಉಳಿದಿತ್ತು.

ಮಧ್ಯಾಹ್ನ ಎರಡಕ್ಕೆ ಶಿಫ್ಟ್ ಬದಲಾಗುವ ಹೊತ್ತಿಗೆ ಗೇಟಿನ ಹತ್ತಿರ ಅಪ್ಪನಿಗೆ ಕಾದೆ. ದಾವಣಗೆರೆಯಿಂದ ಬಂದವರು ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆಯುತ್ತಿದ್ದ ಹಾಗೇ ಎಲ್ಲವನ್ನೂ ಹೇಳಿದೆ. ಅಪ್ಪ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

"ಸರಿಯಾಗೇ ತೋರಿಸೈತಲ್ಲವ್ವ. ಅಷ್ಟು ತಳ್ಳಿದ್ದು ನಾನೇ."

"ಒಳ್ಳೆ ಮಾಲು ತಳ್ಳಿದ್ರಾ?"

"ಒಂದೂ ಇಲ್ಲ."

"ಹಂಗಾದ್ರೆ ನಿಮ್ಮ ಶಿಫ್ಟಿಗೇ ಯಾಕೆ ಅಷ್ಟು ಕೆಟ್ಟ ಮಾಲು ಬರುತ್ತೆ?"

ಅಪ್ಪ ಉತ್ತರ ಕೊಡದೆ ಒಳಗೆ ಹೋದರು. ಚರ್ಚೆಯಲ್ಲಿ ಎದುರಾಳಿ ಉತ್ತರ ಕೊಡದೆ ಕೂತರೆ ಎರಡೇ ಅರ್ಥ: ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಯಾರನ್ನೋ ಉಳಿಸುತ್ತಿದ್ದಾನೆ. ನಮ್ಮಪ್ಪನಿಗೆ ಆ ಕಾರ್ಖಾನೆಯಲ್ಲಿ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ.

ಮರುದಿನ ನಾನು ಒಂದೂವರೆಗೇ ಊಟದ ಡಬ್ಬಿ ಮುಚ್ಚಿ ಲೇತುಗಳಿರುವ ಶಾಪಿಗೆ ಇಳಿದೆ. ರಿಪೋರ್ಟ್ ಮಾಡಲು ಶುರು ಮಾಡಿ ಒಂದೂವರೆ ವರ್ಷ ಆಗಿತ್ತು. ಲೇತುಗಳ ನಡುವೆ ಹೋಗಿ ನಿಂತದ್ದು ಅದೇ ಮೊದಲು. ನಾಲ್ಕನೇ ನಂಬರಿನ ಲೇತಿನಲ್ಲಿ ಹದಡಿಯಿಂದ ಬರುವ ಒಬ್ಬ ಹಿರಿಯ ಆಪರೇಟರ್ ಇದ್ದರು. ಎರಡು ಗಂಟೆಗೆ ಕಾಲು ಗಂಟೆ ಇರುವಾಗ ಅವರು ಒಂದು ಬಾಡಿ ಬಿಚ್ಚಿದರು, ತೂತಿನೊಳಗೆ ಬೆರಳು ಆಡಿಸಿದರು, ಮುಖ ಹುಳ್ಳಗೆ ಮಾಡಿ ಲೇತಿನ ಪಕ್ಕದ ಗೋಣಿಚೀಲದ ಕೆಳಗೆ ತಳ್ಳಿದರು. ನಾನು ಹೋಗಿ ಗೋಣಿ ಎತ್ತಿದೆ. ಕೆಳಗೆ ಐದು ಇದ್ದವು.

"ಏನಿವು?"

"ಮೇಜಿಗೆ ಹೋಗವು."

"ಮೇಜು ಅಲ್ಲೇ ಐತಲ್ಲ, ಮೊದಲನೇ ಶಿಫ್ಟಿನ ಇನ್‌ಸ್ಪೆಕ್ಟರ್ ಖಾಲಿ ಕೂತಾರೆ. ಯಾಕೆ ಕೊಟ್ಟಿಲ್ಲ?"

"ಆ ಮೇಜಿಗಲ್ಲ ತಂಗಿ. ಮಧ್ಯಾಹ್ನದ ಮೇಜಿಗೆ. ನಿಮ್ಮಪ್ಪಾರು ಬಂದ ಮ್ಯಾಲೆ."

ನಾನು ಪಕ್ಕದ ಲೇತಿಗೆ ಹೋದೆ. ಅಲ್ಲೂ ಗೋಣಿ. ಅದರ ಪಕ್ಕದಲ್ಲೂ ಗೋಣಿ. ಇಡೀ ಸಾಲಿನಲ್ಲಿ ಬೆಳಿಗ್ಗೆಯಿಂದ ಅನುಮಾನ ಬಂದ ಒಂದೊಂದು ಬಾಡಿಯೂ ಅಪ್ಪನಿಗೋಸ್ಕರ ಮಲಗಿತ್ತು.

"ಯಾಕ ಅಂತೀಯಾ?" ಹದಡಿಯವರು ಕೈ ಒರೆಸಿಕೊಂಡು ಹೇಳಿದರು. "ಬೆಳಿಗ್ಗೆಯವ್ರಿಗೆ ಕೊಟ್ರೆ ನೋಡೋದೂ ಇಲ್ಲ, ರಿಜೆಕ್ಷನ್ನಿನ ಕೆಂಪು ಡಬ್ಬಿಗೆ ಎಸೆದು ಹೆಸರು ಬರ್ಕೊಂತಾರೆ. ಹೆಸರು ಹೋದ್ರೆ ಮ್ಯಾನೇಜರ್ ಸಾಹೇಬ್ರು ಕರೆದು ಮರ್ಯಾದೆ ತೆಗೀತಾರೆ. ನಿಮ್ಮಪ್ಪಾರು ಗೇಜ್ ಹಾಕಿ, ಕರೆದು ತೋರಿಸ್ತಾರೆ. ಕಮ್ಮಿ ಕೊರೆದಿದ್ರೆ ಮತ್ತೆ ಕೊರೆಸ್ತಾರೆ. ಜಾಸ್ತಿ ಕೊರೆದಿದ್ರೆ ತಳ್ತಾರೆ, ಆದ್ರೆ ಯಾಕಾತು ಅಂತ ಹೇಳಿ ತಳ್ತಾರೆ. ತಳ್ಳಿಸಿಕೊಂಡ್ರೂ ಹೊಟ್ಟೆ ಉರಿಯಲ್ಲ."

"ಸಾಹೇಬ್ರಿಗೆ ಇದು ಗೊತ್ತಾ?"

ಅವರು ಜೋರಾಗಿ ನಕ್ಕರು. "ಗೋಣಿ ಕೊಡಿಸಿದ್ದು ಯಾರು ಅಂದ್ಕೊಂಡಿ? ಬೆಳಿಗ್ಗೆ ಮಾಲೀಕರು ರೌಂಡ್ ಬರ್ತಾರಲ್ಲ. ಬೆಳಗಿನ ಡಬ್ಬಿ ಖಾಲಿ ಕಾಣಬೇಕು."

ಸ್ಟೋರ್ಸಿಗೆ ಓಡಿ ಹಳೆಯ ಚೀಟಿಗಳ ಕಟ್ಟು ಬಿಚ್ಚಿಸಿದೆ. ಲೇತ್ ಸಾಲಿಗೆ ಗೋಣಿಚೀಲ, ಲೇತಿಗೊಂದು. ಕೆಳಗೆ ಮ್ಯಾನೇಜರ್ ಸಹಿ, ಬಾಲ ಸುತ್ತಿದ ಅದೇ ಸಹಿ. ಆ ಚೀಟಿಯ ಫೋಟೊ ತೆಗೆದುಕೊಂಡೆ.

ಆದರೆ ಚೀಟಿಯೊಂದರಿಂದ ವಾದ ನಿಲ್ಲುವುದಿಲ್ಲ. "ಧೂಳು ಕೂರಬಾರದು ಅಂತ ಕೊಡಿಸಿದೆ" ಎಂದರೆ ಮುಗಿಯಿತು. ನನಗೆ ಬೇಕಾಗಿದ್ದು ಪ್ರತಿಯೊಂದು ಕೆಟ್ಟ ಬಾಡಿಯೂ ಹುಟ್ಟಿದ ಜಾಗ. ಅದು ಆ ಬಾಡಿಯ ಮೈಮೇಲೇ ಇತ್ತು. ಕೊರೆದು ಮುಗಿಸಿದ ಕೂಡಲೇ ಆಪರೇಟರ್ ಅದರ ಅಂಚಿಗೆ ಲೇತಿನ ನಂಬರನ್ನೂ ಶಿಫ್ಟಿನ ಅಕ್ಷರವನ್ನೂ ಸುತ್ತಿಗೆಯಿಂದ ಪಂಚ್ ಮಾಡಬೇಕು; ಅದು ಕಾರ್ಖಾನೆಯ ನಿಯಮ. ಅಪ್ಪ ತಳ್ಳಿದ ಒಂದೊಂದು ಬಾಡಿಯ ಪಂಚನ್ನೂ ತಮ್ಮ ರಿಜಿಸ್ಟರಿನ ಕೊನೆಯ ಕಾಲಮ್ಮಿನಲ್ಲಿ ಬರೆಯುತ್ತಿದ್ದರು. ಆ ಕಾಲಮ್ಮನ್ನು ಒಂದೂವರೆ ವರ್ಷ ದಿನಾ ನೋಡಿದವಳು ನಾನು. ಮ್ಯಾನೇಜರ್ ನಮೂನೆಯಲ್ಲಿ ಅದಕ್ಕೆ ಮನೆಯಿರಲಿಲ್ಲ, ಅದಕ್ಕೇ ಟೈಪ್ ಮಾಡದೆ ಬಿಡುತ್ತಿದ್ದೆ. ಹೊಸ ಸಾಫ್ಟ್‌ವೇರಿಗೂ ಅದೇ ಹಳೆಯ ನಮೂನೆಯನ್ನು ಉಣ್ಣಿಸಿದ್ದೆ. ಚರ್ಚೆಯ ಮೊದಲ ಪಾಠ, ಅಂಕಿ ಎತ್ತುವ ಮೊದಲು ಪದದ ಅರ್ಥ ಕೇಳು. 'ಎರಡನೇ ಶಿಫ್ಟಿನ ರಿಜೆಕ್ಷನ್' ಎಂದರೆ ಅಲ್ಲಿ ಹುಟ್ಟಿದ್ದೋ, ಅಲ್ಲಿ ಸಿಕ್ಕಿದ್ದೋ? ಊರಿಗೆಲ್ಲ ಪ್ರಶ್ನೆ ಹಾಕುವ ನಾನು ಅದೊಂದನ್ನು ಕೇಳಿರಲಿಲ್ಲ. ಅಪ್ಪನ ಮೇಲೆ ಕೆಂಪು ಕಂಬ ನಿಲ್ಲಿಸಿದ ಕೈ ಮ್ಯಾನೇಜರದ್ದಲ್ಲ, ನನ್ನದು. ಅದಕ್ಕೂ ಸೇರಿಸಿ ಆ ಮನುಷ್ಯನ ಮೇಲೆ ಇನ್ನಷ್ಟು ಸಿಟ್ಟು ಬಂತು. ನ್ಯಾಯವಲ್ಲ, ಗೊತ್ತು.

ಭಾನುವಾರ ಮೂರು ತಿಂಗಳ ರಿಜಿಸ್ಟರುಗಳನ್ನು ಮನೆಗೆ ತಂದೆ. ಅಪ್ಪ ಚಾಪೆಯ ಮೇಲೆ ಕೂತು, ಕನ್ನಡಕ ಏರಿಸಿ, ಮೊದಲ ಪುಟ ತೆರೆದು ಮುಚ್ಚಿಬಿಟ್ಟರು.

"ಬ್ಯಾಡ ಬಿಡು. ಆ ಜನದ ಹೆಸರು ಹೊರಗೆ ಬರುತ್ತೆ. ನನ್ನ ನಂಬಿ ಇಟ್ಟಿದ್ರು."

"ನಿಮ್ಮ ಕಣ್ಣು ಹೋಗೈತೆ ಅಂತ ಹೇಳ್ತಿದಾರೆ ಅಪ್ಪ."

"ಹೇಳ್ಲಿ. ಹೇಳಿದ್ರೆ ಹೋಗ್ತದಾ?"

"ಹೋಗಲ್ಲ. ಆದ್ರೆ ಗೇಜ್ ಹೋಗುತ್ತೆ."

ಅಡುಗೆಮನೆಯಿಂದ ಅಮ್ಮ ಮಂಡಕ್ಕಿ ಒಗ್ಗರಣೆಯ ತಟ್ಟೆ ತಂದು ನಮ್ಮಿಬ್ಬರ ನಡುವೆ ಕುಕ್ಕಿದರು. "ರಾತ್ರಿಯೆಲ್ಲ ಯಾರ್ಡು ಯಾರ್ಡು ಅಂತ ನಿದ್ದೇಲಿ ಕನವರಿಸೋರು ಯಾರ್ರಿ? ಓದ್ರಿ ಸುಮ್ನೆ, ಬರ್ಕೊಳ್ಳಿ."

ಅಪ್ಪ ಒಂದು ಷರತ್ತು ಹಾಕಿದರು. ಲೇತಿನ ನಂಬರ್ ಮಾತ್ರ, ಆಪರೇಟರ್ ಹೆಸರು ಎಲ್ಲೂ ಬರಬಾರದು. ನಾನು ಒಪ್ಪಿದೆ. ಅಪ್ಪ ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. "ನಾಲ್ಕು, ಎ. ನಾಲ್ಕು, ಎ. ಏಳು, ಬಿ. ನಾಲ್ಕು, ಎ." ಎ ಎಂದರೆ ಮೊದಲ ಶಿಫ್ಟ್. ನಾಲ್ಕು ಎಂದರೆ ಹದಡಿಯವರ ಲೇತ್, ಅದು ಓಡುತ್ತಿದ್ದುದು ಮೊದಲ ಶಿಫ್ಟಿನಲ್ಲಿ ಮಾತ್ರ. ಮಧ್ಯಾಹ್ನದ ಹೊತ್ತಿಗೆ ಅಪ್ಪನ ಗಂಟಲು ಕಟ್ಟಿತ್ತು.

"ನಾಲ್ಕನೇದರ ಸ್ಪಿಂಡಲ್ ಅಲ್ಲಾಡ್ತೈತೆ," ಅಂದರು ನೀರು ಕುಡಿದು. "ಕಬ್ಬಿಣ ಹಿಡಿದು ತಿರುಗೋ ಅಚ್ಚೇ ನೆಟ್ಟಗಿಲ್ಲ ಅಂದ್ಮೇಲೆ ಆತ ಏನು ಮಾಡ್ತಾನೆ? ಮೂರು ಸಲ ಬರೆದು ಕೊಟ್ಟಾನೆ. ನಿಲ್ಲಿಸಿದ್ರೆ ಪ್ರೊಡಕ್ಷನ್ ಬೀಳುತ್ತೆ ಅಂತ ಸಾಹೇಬ್ರು ಬಿಟ್ಟಿಲ್ಲ."

ಇಷ್ಟು ಸಾಕಾಗಿತ್ತು ನನಗೆ. ತಿಂಗಳ ಕೊನೆಯ ಶನಿವಾರದವರೆಗೂ ತುಟಿ ಬಿಚ್ಚಲಿಲ್ಲ. ಮ್ಯಾನೇಜರ್ ಎದುರು ಸಿಕ್ಕಾಗಲೆಲ್ಲ ನಮಸ್ಕಾರ ಮಾಡಿದೆ. ಒಮ್ಮೆ ಅವರು, "ಯಾರ್ಡಲ್ಲಿ ನೆರಳೈತಮ್ಮ, ನಿಮ್ಮಪ್ಪಾರಿಗೆ ತಂಪಾಗಿರುತ್ತೆ" ಎಂದರು. "ಹೌದು ಸರ್" ಎಂದೆ. ಆ 'ಹೌದು ಸರ್' ಅನ್ನು ನಾನು ಬಡ್ಡಿಗೆ ಬಿಟ್ಟಿದ್ದೆ.

ಶನಿವಾರ ಬೆಳಿಗ್ಗೆ ಮಾಲೀಕರು ಕೂತ ಮೇಲೆ ಎದ್ದು ನಿಂತೆ. ಟಿವಿ ಆನ್ ಮಾಡಲಿಲ್ಲ.

"ಸರ್, ತೋರಿಸೋ ಮೊದಲು ಮ್ಯಾನೇಜರ್ ಸರ್ ಹತ್ರ ಒಂದೆರಡು ಅನುಮಾನ ಕೇಳಬಹುದಾ? ನಾನು ಹೊಸಬಳು."

"ಕೇಳಮ್ಮ, ಕೇಳು." ಮ್ಯಾನೇಜರ್ ಉದಾರವಾಗಿ ಕೈ ಬೀಸಿದರು.

"ಬಾಡಿ ಮೇಲಿನ ಪಂಚನ್ನ ನಂಬಬಹುದಾ ಸರ್?"

"ನಂಬದೇ ಮತ್ತೆ? ಪಂಚ್ ಇಲ್ದೆ ಒಂದು ಪೀಸ್ ಲೇತಿಂದ ಇಳಿಯಂಗಿಲ್ಲ. ನನ್ನ ರೂಲ್ ಅದು."

"ಪಂಚಲ್ಲಿರೋ ನಂಬರು ಅಂದ್ರೆ ಪೀಸು ತಯಾರಾದ ಲೇತು?"

"ಮತ್ತಿನ್ನೇನು, ನನ್ನ ಫೋನ್ ನಂಬರಾ?" ಎಲ್ಲರೂ ನಕ್ಕರು. ನಾನೂ ನಕ್ಕೆ.

"ಅಕ್ಷರ ಅಂದ್ರೆ ತಯಾರಾದ ಶಿಫ್ಟು? ಅದ್ರಲ್ಲಿ ತಪ್ಪಾಗಲ್ಲ?"

"ಆಗಲ್ಲ."

"ಥ್ಯಾಂಕ್ಸ್ ಸರ್." ಬಟನ್ ಒತ್ತಿದೆ.

ಮೊದಲು ಹಳೆಯ ಚಿತ್ರ: ಎರಡನೇ ಶಿಫ್ಟಿನ ಉದ್ದನೆಯ ಕೆಂಪು ಕಂಬ. ಆಮೇಲೆ 'ಸಿಕ್ಕಿದ ಮೇಜು' ಎಂಬುದನ್ನು ತೆಗೆದು 'ತಯಾರಾದ ಶಿಫ್ಟ್' ಎಂದು ಆರಿಸಿದೆ. ಎಲ್ಲರ ಕಣ್ಣೆದುರೇ ಆ ಕಂಬ ಕುಗ್ಗಿ ಹಸಿರಾಯಿತು, ಪಕ್ಕದಲ್ಲಿ ಮೊದಲ ಶಿಫ್ಟಿನ ಕಂಬ ಕೆಂಪಾಗುತ್ತಾ ಏರಿತು. ಇನ್ನೊಂದು ಸಲ ಒತ್ತಿದೆ. ಆ ಕೆಂಪು ಒಡೆದು ಲೇತುವಾರು ನಿಂತಿತು. ಉಳಿದವೆಲ್ಲ ಪುಟ್ಟ ಪುಟ್ಟ ಕಂಬ. ನಾಲ್ಕನೆಯದು ಒಂದೇ ತೆಂಗಿನ ಮರ. ಕೊನೆಗೆ ಗೋಣಿಚೀಲದ ಚೀಟಿ, ಸಹಿ ಓದುವಷ್ಟು ದೊಡ್ಡದಾಗಿ.

"ಇದು... ಧೂಳಿಗೆ ಅಂತ..." ಎಂದರು ಮ್ಯಾನೇಜರ್.

"ಧೂಳು ಬೆಳಿಗ್ಗೆ ಮಾತ್ರ ಬರುತ್ತಾ ಸರ್? ಎರಡು ಗಂಟೆ ಆದ್ಮೇಲೆ ಗೋಣಿ ಖಾಲಿ ಇರುತ್ತೆ."

ಮಾಲೀಕರು ಎದ್ದರು. ಎಲ್ಲರೂ ಹಿಂದೆಯೇ ಶಾಪಿಗೆ ಹೋದೆವು. ನಾಲ್ಕನೇ ಲೇತ್ ನಿಲ್ಲಿಸಿ, ಸ್ಪಿಂಡಲ್‌ಗೆ ಅಲುಗಾಟ ಅಳೆಯುವ ಡಯಲ್ ಗೇಜ್ ಹಚ್ಚಿ ಕೈಯಿಂದ ತಿರುಗಿಸಿದರು. ಮುಳ್ಳು ನಿಂತಲ್ಲಿ ನಿಲ್ಲದೆ ಥಕಥೈ ಕುಣಿಯಿತು. ಹದಡಿಯವರು ನೆಲ ನೋಡುತ್ತಾ ನಿಂತಿದ್ದರು. ಮಾಲೀಕರು ಅವರನ್ನು ಏನೂ ಕೇಳಲಿಲ್ಲ; ಮ್ಯಾನೇಜರನ್ನು ಕೇಳಿದರು, ಎಲ್ಲರೆದುರು, ಒಂದೇ ಮಾತು. "ಮಂಜಾಗಿದ್ದು ಯಾರ ಕಣ್ರಿ?"

ಅಪ್ಪನ ಗೇಜ್ ಅಪ್ಪನ ಕೈಯಲ್ಲೇ ಉಳಿಯಿತು. ನಾಲ್ಕನೇ ಲೇತ್ ರಿಪೇರಿಗೆ ಹೋಯಿತು. ಮ್ಯಾನೇಜರನ್ನು ತೆಗೆಯಲಿಲ್ಲ, ಮಾಲೀಕರ ಶಿಕ್ಷೆ ಅದಕ್ಕಿಂತ ರುಚಿಯಾಗಿತ್ತು. ದಿನಾ ಒಂಬತ್ತು ಗಂಟೆಗೆ ಟಿವಿ ಪಕ್ಕ ನಿಂತು ಲೇತುವಾರು ರಿಜೆಕ್ಷನ್ನನ್ನು ಅವರೇ ಗಟ್ಟಿಯಾಗಿ ಓದಬೇಕು. ಸೋಮವಾರದ ಮೀಟಿಂಗಿಗೆ ಅಪ್ಪನೂ ಬೆಳಿಗ್ಗೆಯೇ ಬಂದು ಕೂರಬೇಕು. ಬೇರೆಯವರಿಗೆ ಹೊಟ್ಟೆ ತುಂಬಲು ಇಷ್ಟು ಸಾಕಿತ್ತೇನೋ. ನನಗೆ ಹಸಿವು ಇನ್ನೂ ಇತ್ತು.

ಗೋಣಿಚೀಲಗಳು ಮಾಯವಾದವು. ಒಂದು ದಿನ ಹದಡಿಯವರು ನನ್ನನ್ನು ನಿಲ್ಲಿಸಿ, "ಗೆದ್ದಿ ಬಿಡು ತಂಗಿ. ಆದ್ರೆ ಈಗ ಬೆಳಿಗ್ಗೆಯವ್ರ ಬಾಯಿಗೇ ಬೀಳಬೇಕು ನಾವು" ಎಂದರು.

ಲೇತ್ ರಿಪೇರಿಯಾಗಿ ಬಂದು ತಿಂಗಳಾಯಿತು. ಆದರೂ ನಾಲ್ಕನೇ ಕಂಬ ದಿನಾ ಕೆಂಪಾಗಿಯೇ ಬರುತ್ತಿತ್ತು. ಮ್ಯಾನೇಜರ್ ಒಂದು ದಿನ ನನ್ನ ಟೇಬಲ್ ಹತ್ತಿರ ಬಂದರು. ಮೊದಲ ಸಲ ಅವರ ಬಾಯಲ್ಲಿ 'ಅಮ್ಮ' ಹೋಗಿ 'ಮೇಡಂ' ಬಂದಿತ್ತು.

"ಮೇಡಂ, ಲೇತ್ ಈಗ ಸರಿ ಐತಲ್ರಿ. ಆ ಕೆಂಪು ಬಣ್ಣ ಸ್ವಲ್ಪ ನೋಡ್ತೀರಾ?"

ಈ ದಿನಕ್ಕೆಂದೇ ಕಾದಿಟ್ಟಿದ್ದ ಮಾತನ್ನು ನಿಧಾನಕ್ಕೆ ಹೇಳಿದೆ. "ಅಂಕಿಗೆ ಅಪ್ಪ ಅಮ್ಮ ಇರಲ್ಲ ಸರ್." ಹೇಳಿ, ನನ್ನ ಟೀ ಎತ್ತಿ ಒಂದು ಗುಟುಕು ಕುಡಿದೆ. ಸದ್ದು ಮಾಡಿಯೇ ಕುಡಿದೆ.

ಅವರ ಮುಖ ಬಾಡಿದ್ದನ್ನು ನೋಡಿ ನನಗಾದ ಸಂತೋಷವನ್ನು ಇಲ್ಲಿ ಸಣ್ಣದು ಮಾಡಿ ಬರೆದರೆ ಸುಳ್ಳಾಗುತ್ತದೆ.

ಮುಂದಿನ ಸೋಮವಾರ ಮೀಟಿಂಗ್ ಮುಗಿಸಿ ಅಪ್ಪ ನನ್ನನ್ನು ಗೇಟಿನ ಹೊರಗಿನ ಟೀ ಅಂಗಡಿಗೆ ಕರೆದುಕೊಂಡು ಹೋದರು. ಅವರಿಗೆ ಶಿಫ್ಟ್ ಶುರುವಾಗಲು ಇನ್ನೂ ಹೊತ್ತಿತ್ತು. ಲೋಟ ಕೈಯಲ್ಲಿ ತಿರುಗಿಸುತ್ತಾ ಕೇಳಿದರು.

"ಎಲ್ಲಾ ಲೇತಿಗೂ ನೂರಕ್ಕೆ ಮೂರು ದಾಟಿದ್ರೆ ಕೆಂಪು ಅಂದಿದ್ದೆ ನೀನು."

"ಹೂಂ."

"ನಾಲ್ಕನೇದು ಇವತ್ತು ನೂರಕ್ಕೆ ಎರಡು. ಕೆಂಪು ಯಾಕ?"

ನಾನು ರಸ್ತೆಯ ಕಡೆ ನೋಡಿದೆ. ರಿಪೇರಿ ಮುಗಿದ ವಾರವೇ ಆ ಒಂದು ಲೇತಿಗೆ ಮಾತ್ರ ಮಿತಿಯನ್ನು ಒಂದಕ್ಕೆ ಇಳಿಸಿದ್ದೆ. ಸಾಫ್ಟ್‌ವೇರಿನ ಆ ಜಾಗಕ್ಕೆ ಹೋಗುವ ದಾರಿ ನನ್ನೊಬ್ಬಳಿಗೇ ಗೊತ್ತಿತ್ತು. ಎಂಟು ಜನ ದಿನಾ ಆ ಪರದೆ ನೋಡುತ್ತಿದ್ದರು, ಯಾರೂ ಬಣ್ಣದ ಕೆಳಗಿನ ಅಂಕಿ ಓದಿರಲಿಲ್ಲ. ಮಂಜಾಗಿದೆ ಎನ್ನಿಸಿಕೊಂಡ ಕಣ್ಣು ಓದಿತ್ತು.

"ಅವರು ನಿಮ್ಮ ಬಗ್ಗೆ ಏನು ಮಾತಾಡಿದ್ರು ಗೊತ್ತಾ ಅಪ್ಪ? ಅದರ ಮುಂದೆ ಇದು ಯಾವ ಲೆಕ್ಕ?"

"ಅವರು ಮಾತಾಡಿದ್ರು. ನೀನು ಗೇಜೇ ಉಜ್ಜಿದೀ."

ಅಪ್ಪ ದನಿ ಏರಿಸಲಿಲ್ಲ. ಒಪ್ಪಬೇಕಾದ ಮಾಲು ತಳ್ಳಲೆಂದು ಗೇಜನ್ನೇ ಕಲ್ಲಿಗೆ ಉಜ್ಜಿ ಅಳತೆ ಬದಲಿಸುವುದು ಅವರ ಕಸುಬಿನಲ್ಲಿ ಇರುವ ಅತಿ ಹೊಲಸು ಬೈಗುಳ. ಇಪ್ಪತ್ತಾರು ವರ್ಷದಲ್ಲಿ ಅವರು ಯಾರಿಗೂ ಅದನ್ನು ಅಂದದ್ದಿಲ್ಲ. ನನಗೆ ಅಂದರು.

"ಇವತ್ತು ಸರಿ ಮಾಡ್ತೀಯೋ, ನಾನು ಗೇಜ್ ಕೊಟ್ಟು ಯಾರ್ಡಿಗೆ ಹೋಗ್ಲೋ? ಉಜ್ಜಿದ ಗೇಜಿನ ಪಕ್ಕದಲ್ಲಿ ನಾನು ಕೂರಲ್ಲ."

ಇದಕ್ಕೆ ಖಂಡನೆ ಮಂಡಿಸಲು ನನ್ನ ಹತ್ತಿರ ನಾಲ್ಕು ವಾದಗಳಿದ್ದವು. ನಾಲ್ಕನ್ನೂ ನುಂಗಿದೆ. ಒಳಗೆ ಹೋಗಿ ಒಂದನ್ನು ಮೂರು ಮಾಡಿದೆ. ಒಂದು ಕ್ಷಣದ ಕೆಲಸ.

ಮಂಗಳವಾರ ಒಂಬತ್ತು ಗಂಟೆಗೆ ಮ್ಯಾನೇಜರ್ ಟಿವಿ ಪಕ್ಕ ನಿಂತು ಓದುತ್ತಾ ಬಂದರು. ಒಂದು, ಎರಡು, ಮೂರು. ನಾಲ್ಕಕ್ಕೆ ಬಂದಾಗ ತಡೆದು, ತಿರುಗಿ, ಪರದೆಯನ್ನು ನೋಡಿದರು. ಹಸಿರು. ಅಂಗಿಯ ತೋಳು ಸರಿ ಮಾಡಿಕೊಂಡರು, ದನಿ ಒಂದು ಮೆಟ್ಟಿಲು ಏರಿತು. ಲೇತ್ ಸರಿ ಮಾಡಿಸಿದ್ದೇ ತಾವು ಎಂಬಂತೆ ಓದಿದರು.

ಎರಡು ಗಂಟೆಗೆ ಅಪ್ಪ ಬಂದು ತಮ್ಮ ಮೇಜಿನಲ್ಲಿ ಕೂತು, ಗೇಜನ್ನು ಬಟ್ಟೆಯಿಂದ ಒರೆಸಿದ್ದನ್ನು ಶಾಪಿನ ಬಾಗಿಲಲ್ಲಿ ನಿಂತು ನೋಡಿದೆ. ಅದು ನನಗೆ ಬೇಕಾಗಿದ್ದದ್ದೇ. ಆದರೂ ಆ ಹಸಿರು ಕಂಬ ಇನ್ನೂ ನನ್ನ ಕಣ್ಣಿಗೆ ಚುಚ್ಚುತ್ತದೆ. ಕೆಂಪಾಗಿದ್ದ ಕೊನೆಯ ದಿನದ ಪರದೆಯನ್ನು ಪ್ರಿಂಟ್ ತೆಗೆದು, ಮಡಚಿ, ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ. ಅಪ್ಪನಿಗೆ ಹೇಳಿಲ್ಲ.